ಎರಡನೇ ಡಬ್ಬಿಯ ಪುಡಿ

ಫೆಬ್ರವರಿ ತಿಂಗಳ ಒಂದು ಮಂಗಳವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ಆದಿಲ್ ಎಂಬ ಯುವಕ ಶಿವಾಜಿನಗರದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ. ರಸೆಲ್ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಸೂಟ್‌ಕೇಸು, ಬ್ಯಾಗುಗಳ ಅಂಗಡಿ ನಡೆಸುತ್ತಿದ್ದವನು. ಅಂಗಿಯ ತೋಳಿಗೆ ಅಂಟಿದ ರಕ್ತ ಒಣಗಿ ಕಪ್ಪಾಗಿತ್ತು. ಬಾಗಿಲಲ್ಲಿದ್ದ ಸೆಂಟ್ರಿ ತಡೆದಾಗ, "ನಮ್ಮಮ್ಮ ತೀರ್ಕೊಂಡ್ರು ಸಾರ್. ಕಂಪ್ಲೇಂಟ್ ಕೊಡ್ಬೇಕು" ಎಂದ. ಯಾರ ಮೇಲೆ ಎಂದು ಕೇಳಿದ್ದಕ್ಕೆ, ಇನ್‌ಸ್ಪೆಕ್ಟರ್ ಹತ್ತಿರವೇ ಹೇಳುತ್ತೇನೆ ಎಂದ.

ಇನ್‌ಸ್ಪೆಕ್ಟರ್ ಬೃಂದಾ ಅವನನ್ನು ಒಳಗೆ ಕರೆಸಿದರು. ಹೆಡ್ ಕಾನ್‌ಸ್ಟೇಬಲ್ ಮಾನಪ್ಪ ನೀರು ತಂದಿಟ್ಟ. ಆದಿಲ್ ಲೋಟ ಎತ್ತಿಕೊಂಡು ಕುಡಿಯದೆ ಹಾಗೇ ಹಿಡಿದುಕೊಂಡ.

"ಏನಾಯ್ತು ಹೇಳಿ."

"ಬೆಳಗಿನ ಜಾವ ಅಮ್ಮಿ ರಕ್ತ ವಾಂತಿ ಮಾಡಿದ್ರು ಮೇಡಂ. ಆಸ್ಪತ್ರೆಗೆ ಕರ್ಕೊಂಡ್ ಹೋದ್ವಿ. ಉಳೀಲಿಲ್ಲ."

"ಮೊದ್ಲಿಂದ ಏನಾದ್ರೂ ಕಾಯಿಲೆ ಇತ್ತಾ?"

"ಹಾರ್ಟ್ ವಾಲ್ವ್ ಹಾಕ್ಸಿದ್ವಿ. ರಕ್ತ ತೆಳ್ಳಗಾಗೋ ಮಾತ್ರೆ ತಗೋತಿದ್ರು. ಅದರ ಜೊತೆ ನೋವಿನ ಮಾತ್ರೆ ತಗೊಳ್ಳಲೇಬಾರ್ದು ಅಂತ ಡಾಕ್ಟ್ರು ಆಪರೇಷನ್ ಆದಾಗ್ಲೇ ಹೇಳಿದ್ರು. ಇವತ್ತು ಅದೇ ಡಾಕ್ಟ್ರು ಕೇಳ್ತಾರೆ, ಯಾರು ನೋವಿನ ಮಾತ್ರೆ ಕೊಟ್ಟಿದ್ದು ಅಂತ."

"ಯಾರು ಕೊಟ್ರು?"

ಆದಿಲ್ ಲೋಟವನ್ನು ಮೇಜಿನ ಮೇಲಿಟ್ಟ. "ಮನೇಲಿರೋದು ಅಬ್ಬಾ, ನಾನು, ತಂಗಿ. ಅಮ್ಮಿಗೆ ಔಷಧಿ ಕೊಡ್ತಿದ್ದದ್ದು ತಂಗಿ ಒಬ್ಳೇ."

ಹೊರಗೆ ಮೂವರು ಹಿರಿಯರು ಬಂದು ನಿಂತಿದ್ದರು. ಸಂಜೆಯೊಳಗೆ ದಫನ್ ಆಗಬೇಕು, ದೇಹ ಕೊಡಿಸಿ ಎಂದು ಕೇಳಲು ಬಂದವರು. ಆದಿಲ್ ಅವರ ಮುಖ ನೋಡಲಿಲ್ಲ. "ಪೋಸ್ಟ್‌ಮಾರ್ಟಂ ಆಗ್ಲಿ ಮೇಡಂ. ಇಲ್ಲಾಂದ್ರೆ ನಾನು ಆ ಮನೇಲಿ ತಂಗಿ ಕೈಯಿಂದ ಊಟ ಮಾಡಕ್ಕಾಗಲ್ಲ."

ಮೃತಳ ಹೆಸರು ಉಮ್ಮೆ ಕುಲ್ಸುಂ, ವಯಸ್ಸು ಅರವತ್ತೆರಡು. ಬೃಂದಾ ಅಸಹಜ ಸಾವಿನ ಪ್ರಕರಣ ದಾಖಲಿಸಿಕೊಂಡು ನೇರ ಆಸ್ಪತ್ರೆಗೆ ಹೋದರು. ವೈದ್ಯೆ ಡಾ. ಜಯಮಾಲಾ ಬೆಳಗಿನಿಂದ ಏನೂ ತಿಂದಂತಿರಲಿಲ್ಲ.

"ಟ್ಯೂಬ್ ಹಾಕಿ ನೋಡಿದ್ವಿ. ಹೊಟ್ಟೆ ತುಂಬಾ ಹುಣ್ಣು. ದಿನಾ ನೋವಿನ ಮಾತ್ರೆ ತಗೊಂಡವರ ಹೊಟ್ಟೆ ಹಾಗಿರುತ್ತೆ. ಬೇರೆಯವರಿಗಾದ್ರೆ ಅಲ್ಲಲ್ಲಿ ಜಿನುಗಿ ನಿಲ್ಲೋ ರಕ್ತ. ಇವರ ಮೈಲಿ ರಕ್ತ ಹೆಪ್ಪುಗಟ್ಟೋ ಹಾಗೇ ಇರಲಿಲ್ಲ. ನಲ್ಲಿ ಬಿಟ್ಟ ಹಾಗೆ ಬರ್ತಿತ್ತು."

"ಬೇರೆ ಕಾರಣ ಇರಬಹುದಾ?"

"ಇರಬಹುದು. ಆದ್ರೆ ಇವರು ಪ್ರತಿ ತಿಂಗಳು ರಕ್ತ ಪರೀಕ್ಷೆಗೆ ಬರ್ತಿದ್ರು, ಮಗಳ ಜೊತೆ. ಎಲ್ಲ ಸರಿ ಇತ್ತು. ಕಳೆದ ತಿಂಗಳು ಬರಲಿಲ್ಲ." ಡಾಕ್ಟರ್ ಸ್ವಲ್ಪ ತಡೆದು ಹೇಳಿದರು, "ಮಗಳನ್ನ ಕೇಳ್ದೆ. ಒಂದೇ ಒಂದು ನೋವಿನ ಮಾತ್ರೆ ಕೊಟ್ಟಿಲ್ಲ ಅಂತ ಆಣೆ ಮಾಡಿದ್ಲು. ಆ ಹುಡುಗಿ ಸುಳ್ಳು ಹೇಳ್ತಿದಾಳೆ ಅನ್ನಿಸ್ಲಿಲ್ಲ. ಅದೇ ನನಗೆ ಭಯ."

ಮರಣೋತ್ತರ ಪರೀಕ್ಷೆ ಮುಗಿದು ಸಂಜೆಯ ಮಗ್ರಿಬ್ ನಮಾಜಿಗೆ ಮುಂಚೆ ದೇಹ ಹಸ್ತಾಂತರವಾಯಿತು. ರಕ್ತ ಮತ್ತು ಒಳಾಂಗಗಳ ಮಾದರಿಯನ್ನು ಮೊಹರು ಮಾಡಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು.

ಮರುದಿನ ಬೃಂದಾ, ಮಾನಪ್ಪ ಮತ್ತು ಮಹಿಳಾ ಕಾನ್‌ಸ್ಟೇಬಲ್ ರೇವತಿ ಆ ಮನೆಗೆ ಹೋದರು. ಕಿರಿದಾದ ಓಣಿ, ಕೆಳಗೊಂದು ಗುಜರಿ ಅಂಗಡಿ, ಮೇಲೆ ಮನೆ. ಹೆಂಗಸರು ಒಂದು ಕೋಣೆಯಲ್ಲಿ ಕೂತು ಕುರಾನ್ ಓದುತ್ತಿದ್ದರು. ಪೊಲೀಸರು ಮೆಟ್ಟಿಲು ಹತ್ತುತ್ತಿದ್ದಂತೆ ಓದು ನಿಂತಿತು. ನಿಂತಿದ್ದು ಮತ್ತೆ ಶುರುವಾಗಲಿಲ್ಲ.

ಬುಷ್ರಾಳಿಗೆ ಇಪ್ಪತ್ತಾರು ವರ್ಷ. ನರ್ಸರಿ ಶಾಲೆಯಲ್ಲಿ ಟೀಚರ್ ಆಗಿದ್ದವಳು ತಾಯಿಯ ಆಪರೇಷನ್ ಆದ ಮೇಲೆ ಕೆಲಸ ಬಿಟ್ಟಿದ್ದಳು. ಔಷಧಿಯ ಡಬ್ಬವನ್ನು ತಾನೇ ತಂದು ಮುಂದಿಟ್ಟಳು. ಜೊತೆಗೆ ಬಂದಿದ್ದ ಪಂಚರ ಎದುರು ಒಂದೊಂದೇ ಮಾತ್ರೆ ತೆಗೆದು ನೋಡಿದರು. ಎಲ್ಲವೂ ಡಾಕ್ಟರ್ ಬರೆದುಕೊಟ್ಟಿದ್ದೇ. ಕಪಾಟು, ಹಾಸಿಗೆ, ಕಸದ ಬುಟ್ಟಿ ಹುಡುಕಿದರು. ಅಡುಗೆಮನೆಗೂ ಹೋದರು, ಸಾರಿನಪುಡಿ, ಶುಂಠಿಪುಡಿ, ಚಹಾಪುಡಿ ಇದ್ದ ಶೆಲ್ಫ್ ನೋಡಿ ಹೊರಬಂದರು. ನೋವಿನ ಮಾತ್ರೆಯ ಒಂದು ಚೂರೂ ಸಿಗಲಿಲ್ಲ.

"ಹದಿನೈದು ದಿನದ ಹಿಂದೆ ತಾಯಿ ಜೊತೆ ಜಗಳ ಆಗಿತ್ತಂತೆ?" ಬೃಂದಾ ಕೇಳಿದರು.

ಬುಷ್ರಾ ಬಾಗಿಲ ಕಡೆ ನೋಡಿದಳು. ಅಲ್ಲಿ ಆದಿಲ್ ನಿಂತಿದ್ದ.

"ನನಗೊಂದು ಸಂಬಂಧ ಬಂದಿತ್ತು. ಮೈಸೂರಿನವರು. ಅಷ್ಟು ದೂರ ಬೇಡ ಅಂದ್ರು ಅಮ್ಮಿ."

"ನೀವೇನಂದ್ರಿ?"

"ನಿಮ್ಮ ಸೇವೆ ಮಾಡ್ಕೊಂಡೇ ನಾನು ಮುದುಕಿ ಆಗ್ಬೇಕಾ ಅಂದೆ." ಅವಳ ಧ್ವನಿ ಇಳಿಯಿತು. "ಅಂದಿದ್ದು ನಿಜ ಮೇಡಂ. ಆದ್ರೆ ಅಮ್ಮಿ ಬಾಯಿಗೆ ನಾನು ತಪ್ಪು ಮಾತ್ರೆ ಹಾಕಿಲ್ಲ. ಮಾತ್ರೆ ಕೊಡೋಕೆ ಮುಂಚೆ ಎರಡು ಸಲ ಓದ್ತಿದ್ದೆ."

ಪಕ್ಕದ ಕೋಣೆಯಿಂದ ಒಬ್ಬ ಹೆಂಗಸು ಎದ್ದು ಬಂದು ಬುಷ್ರಾಳ ಕೈಯಿಂದ ಚಹಾ ಲೋಟಗಳ ತಟ್ಟೆ ಇಸಿದುಕೊಂಡು ಒಳಗೆ ಹೋದಳು. ಮೇಲ್ನೋಟಕ್ಕೆ ಸಹಾಯ. ಆದರೆ ಬುಷ್ರಾ ಮಾಡಿದ ಚಹಾವನ್ನು ಅಲ್ಲಿ ಯಾರೂ ಮುಟ್ಟಿರಲಿಲ್ಲ ಎಂಬುದನ್ನು ರೇವತಿ ಗಮನಿಸಿದಳು.

ಆ ವಾರ ಮಾನಪ್ಪ ಸುತ್ತಲಿನ ಎಲ್ಲ ಮೆಡಿಕಲ್ ಶಾಪ್‌ಗಳಲ್ಲಿ ಬುಷ್ರಾಳ ಫೋಟೋ ತೋರಿಸಿ ವಿಚಾರಿಸಿದ. ಅವಳು ರಕ್ತದ ಮಾತ್ರೆ ಕೊಳ್ಳಲು ಬರುತ್ತಿದ್ದುದು ಬಿಟ್ಟರೆ ಬೇರೇನೂ ತಿಳಿಯಲಿಲ್ಲ. ಪ್ರಯೋಗಾಲಯದಿಂದ ಮೊದಲ ಮೌಖಿಕ ಮಾಹಿತಿ ಮಾತ್ರ ಬೇಗ ಬಂತು. ರಕ್ತದಲ್ಲಿ ಡೈಕ್ಲೋಫೆನಾಕ್ ಎಂಬ ನೋವು ನಿವಾರಕ ಇತ್ತು, ಜೊತೆಗೆ ಒಂದು ಸ್ಟೀರಾಯ್ಡ್. ಎರಡೂ ಡಾಕ್ಟರ ಚೀಟಿಯಿಲ್ಲದೆ ಕೊಡಬಾರದವು.

"ಹುಡುಗೀದೇ ಕೈ ಐತೇನ್ರಿ ಮೇಡಂ?" ಮಾನಪ್ಪ ಕೇಳಿದ. ಅವನು ಲಿಂಗಸುಗೂರು ಕಡೆಯವನು, ಬೆಂಗಳೂರಿಗೆ ಬಂದು ಬಹಳ ಕಾಲವಾದರೂ ಮಾತು ಬದಲಾಗಿರಲಿಲ್ಲ.

"ಕೈ ಅವಳದೇ. ಕೊಟ್ಟಿದ್ದೇನು ಅಂತ ಅವಳಿಗೆ ಗೊತ್ತಿತ್ತಾ ಅನ್ನೋದೇ ಪ್ರಶ್ನೆ."

ಮರುದಿನ ಬೃಂದಾ ಮತ್ತೊಮ್ಮೆ ಆ ಮನೆಗೆ ಹೋದರು. ಈ ಸಲ ಲ್ಯಾಬಿನ ಮಾತು ಹೇಳಿ, ನೇರವಾಗಿ ಕೇಳಿ, ಉತ್ತರ ಸಿಗದಿದ್ದರೆ ಮುಂದಿನ ಕ್ರಮ ಎಂದು ತೀರ್ಮಾನಿಸಿಕೊಂಡಿದ್ದರು. ಬುಷ್ರಾಳಿಗೂ ಅದು ಅರ್ಥವಾದಂತಿತ್ತು. ಅವಳ ತುಟಿ ಒಣಗಿತ್ತು.

"ನಿಮ್ಮ ತಾಯಿ ರಕ್ತದಲ್ಲಿ ನೋವಿನ ಮಾತ್ರೆ ಸಿಕ್ಕಿದೆ, ಬುಷ್ರಾ. ಒಂದು ಸಲದ್ದಲ್ಲ."

"ಸಾಧ್ಯ ಇಲ್ಲ."

"ಸಿಕ್ಕಿದೆ ಅಂತಿದೀನಿ."

"ನನ್ನನ್ನ ಜೈಲಿಗೆ ಹಾಕಿದ್ರೂ ನಾನು ಅದೇ ಹೇಳೋದು ಮೇಡಂ. ಕೊಟ್ಟಿಲ್ಲ. ಕೊಟ್ಟಿಲ್ಲ."

ಒಳಕೋಣೆಯಿಂದ ಅವಳ ತಂದೆ ಹಬೀಬ್ ಕರೆದರು. ಬುಷ್ರಾ ಅನುಮತಿ ಕೇಳುವಂತೆ ನೋಡಿ ಎದ್ದಳು. ತೆರೆದ ಬಾಗಿಲಲ್ಲಿ ಬೃಂದಾಗೆ ಮುದುಕನ ಕಾಲು ಕಾಣಿಸಿತು. ಪಾದಗಳು ಊದಿ, ಚರ್ಮ ಹೊಳೆಯುತ್ತಿತ್ತು. ಮುಖವೂ ಬಾತಿತ್ತು. ಹಿಂದಿನ ಸಲ ಈ ಮನುಷ್ಯ ಹೀಗಿರಲಿಲ್ಲ.

"ಅಬ್ಬಾಗೆ ಏನಾಗಿದೆ?"

"ಬಂದವರ ಜೊತೆ ನೆಲದ ಮೇಲೆ ಕೂತು ಕೂತು ಸೊಂಟ ಹಿಡ್ಕೊಂಡಿದೆ. ಬಿಪಿ ಬೇರೆ ಇದೆ ಅವರಿಗೆ. ಎರಡು ದಿನದಿಂದ ಮೂತ್ರ ಸರಿಯಾಗಿ ಹೋಗ್ತಿಲ್ಲ ಅಂತಿದಾರೆ." ಹೇಳುತ್ತಲೇ ಬುಷ್ರಾ ಅಡುಗೆಮನೆಗೆ ಹೋಗಿ ಬಿಸಿನೀರಿನ ಲೋಟ ತಂದಳು. ಕಾಗದದ ಪೊಟ್ಟಣ ಬಿಚ್ಚಿ ಒಂದು ಚಮಚ ಪುಡಿ ಹಾಕಿ ಕದಡಿದಳು. ಹಬೀಬ್ ಕೈ ಚಾಚಿದರು.

"ಅದೇನದು?"

"ಪುಡಿ ಮೇಡಂ. ಸೊಂಟಕ್ಕೆ, ಮಂಡಿಗೆ. ಅಮ್ಮಿ ತಗೋತಿದ್ದದ್ದು. ಮಾತ್ರೆ ಅಲ್ಲ, ಬರೀ ಬೇರು."

ಹಬೀಬ್ ಲೋಟವನ್ನು ಬಾಯಿಗೆ ಎತ್ತಿದ್ದರು. ಬೃಂದಾ ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಕುಡೀಬೇಡಿ! ಕೆಳಗಿಡಿ ಅದನ್ನ!"

ಬುಷ್ರಾ ಲೋಟ ನೋಡಿದಳು, ತಂದೆಯ ಕಾಲು ನೋಡಿದಳು, ತನ್ನ ಕೈಯಲ್ಲಿದ್ದ ಚಮಚ ನೋಡಿದಳು. ಅವಳಿಗೆ ಯಾರೂ ವಿವರಿಸಬೇಕಾಗಿ ಬರಲಿಲ್ಲ. ಚಮಚ ಕೈಯಿಂದ ಜಾರಿತು. "ಯಾ ಅಲ್ಲಾ" ಎಂದು ಗೋಡೆ ಹಿಡಿದು ಕುಸಿದಳು. "ನಾನೇ ಕದಡಿ ಕೊಡ್ತಿದ್ದೆ. ದಿನಾ ಬೆಳಗ್ಗೆ ನಾನೇ ಕದಡಿ ಕೊಡ್ತಿದ್ದೆ."

ಆದಿಲ್ ಬಾಗಿಲಲ್ಲಿ ನಿಂತವನು ನಿಂತೇ ಇದ್ದ. ಆಮೇಲೆ ತಂದೆಯನ್ನು ಎತ್ತಿಕೊಂಡು ಮೆಟ್ಟಿಲಿಳಿದ.

ಹಬೀಬರ ಮೂತ್ರಪಿಂಡಗಳು ಕೆಲಸ ನಿಲ್ಲಿಸುವ ಹಂತದಲ್ಲಿದ್ದವು. ಬಿಪಿ ಮಾತ್ರೆಯ ಜೊತೆ ಈ ನೋವಿನ ಔಷಧಿ ದಿನಾ ಸೇರಿದರೆ ಕೆಲವರಿಗೆ ಹೀಗಾಗುತ್ತದೆ ಎಂದರು ಡಾ. ಜಯಮಾಲಾ. ಇನ್ನೆರಡು ದಿನ ತಡವಾಗಿದ್ದರೆ ಕಷ್ಟವಿತ್ತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂರಿಸಿಕೊಂಡು ಬೃಂದಾ ಬುಷ್ರಾಳ ಹೇಳಿಕೆ ಪಡೆದರು. ಪುಡಿ ಬಂದದ್ದು ಕೆ.ಆರ್. ಪುರಂನ ದೇವಸಂದ್ರದಿಂದ. ಮುನಿಆಂಜನಪ್ಪ ಎಂಬ ನಾಟಿ ವೈದ್ಯರು. ಗುರುವಾರ, ಭಾನುವಾರ ಪುಡಿ ಕೊಡುತ್ತಾರೆ. ಇಂದಿರಾನಗರ, ಮಾರತ್ತಹಳ್ಳಿ, ಹೊಸಕೋಟೆಯಿಂದೆಲ್ಲ ಜನ ಬರುತ್ತಾರೆ. ಉಮ್ಮೆ ಕುಲ್ಸುಂ ಮಂಡಿನೋವಿಗೆ ನೋವಿನ ಮಾತ್ರೆ ತಗೊಳ್ಳುವ ಹಾಗಿರಲಿಲ್ಲ. ಹಾಗಾಗಿಯೇ ಅವರು ಅಲ್ಲಿಗೆ ಹೋಗಿದ್ದು.

"ಹಾರ್ಟ್ ಆಪರೇಷನ್ ಆಗಿದೆ ಅಂತ ಹೇಳಿದ್ರಾ?"

"ಅವರೇ ಕೇಳಿದ್ರು ಮೇಡಂ. ಎಲ್ಲರನ್ನೂ ಕೇಳ್ತಾರೆ. ರಕ್ತದ ಮಾತ್ರೆ ವಿಷಯಾನೂ ಅಮ್ಮಿ ಹೇಳಿದ್ರು. ಮೊದಲ್ನೇ ಸಲ ಕೊಟ್ಟ ಪುಡಿ ಏನೂ ಹಿಡೀಲಿಲ್ಲ. ಎರಡನೇ ಸಲ ಹೋದಾಗ ಬೇರೆ ಪುಡಿ ಕೊಟ್ರು. ಅದು ಸ್ವಲ್ಪ ಬೆಳ್ಳಗಿತ್ತು, ಕಹಿ. ಆ ವಾರಾನೇ ಅಮ್ಮಿ ಗೋಡೆ ಹಿಡಿಯದೆ ಓಡಾಡಿದ್ರು. ಕಾಲು ಸರಿ ಹೋಯ್ತಲ್ಲ, ಆಸ್ಪತ್ರೆಗ್ಯಾಕೆ ಅಂತ ಆ ತಿಂಗಳು ಪರೀಕ್ಷೆಗೂ ಬರಲಿಲ್ಲ."

"ಮೊದಲನೇ ಪುಡಿ ಇದೆಯಾ?"

"ಉಳಿದಿದೆ. ಹಿಡಿಯಲಿಲ್ಲ ಅಂತ ಹಾಗೇ ಇಟ್ಟಿದ್ವಿ."

ಎರಡೂ ಪೊಟ್ಟಣಗಳು ಜಪ್ತಿಯಾದವು. ಔಷಧ ನಿಯಂತ್ರಣ ಇಲಾಖೆಯ ಅಧಿಕಾರಿ ಮುತ್ತಣ್ಣ ತುರ್ತು ಎಂದು ಬರೆದು ಪರೀಕ್ಷೆಗೆ ಕೊಂಡೊಯ್ದರು. ಸುದ್ದಿ ಠಾಣೆಯಲ್ಲಿ ಹರಡಿತು. ಆ ಮಧ್ಯಾಹ್ನ ಠಾಣೆಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಹೊಂಗೆ ಮರದ ಕೆಳಗೆ ಹೋಗಿ ಮನೆಗೆ ಫೋನ್ ಮಾಡಿದರು. ಅವ್ವ ಯಾವ ಪುಡಿ ತಗೋತಾಳೆ, ಅತ್ತೆ ಯಾರ ಹತ್ತಿರ ಹೋಗ್ತಾರೆ, ಡಬ್ಬಿ ಎಲ್ಲಿದೆ ಎಂಬ ಪ್ರಶ್ನೆಗಳು. ರೇವತಿಯ ಪಕ್ಕದ ಮನೆಯವರು ಅದೇ ದೇವಸಂದ್ರದ ಪುಡಿ ತಗೊಳ್ಳುತ್ತಿದ್ದರು. ಅವಳು ಫೋನಿನಲ್ಲಿ ಕಿರುಚಿದ್ದು ಒಳಗಿನವರೆಗೆ ಕೇಳಿಸಿತು.

ಪರೀಕ್ಷೆಯ ಫಲಿತಾಂಶ ಬೃಂದಾ ಊಹಿಸಿದಂತೆಯೇ ಇತ್ತು. ಮೊದಲನೇ ಪುಡಿಯಲ್ಲಿ ಲಕ್ಕಿ ಸೊಪ್ಪು, ಒಣಶುಂಠಿ, ಅಮೃತಬಳ್ಳಿ ಮಾತ್ರ. ಎರಡನೆಯದರಲ್ಲಿ ಅವುಗಳ ಜೊತೆ ಅದೇ ನೋವು ನಿವಾರಕ, ಅದೇ ಸ್ಟೀರಾಯ್ಡ್.

ಮುತ್ತಣ್ಣ, "ಈಗಲೇ ಹೋಗಿ ಬಾಗಿಲು ಹಾಕ್ಸೋಣ" ಎಂದರು.

"ನಾಳೆ ಗುರುವಾರ. ಬೆಳಗ್ಗೆ ಮೊದಲು ನಮ್ಮವರಿಬ್ಬರು ಹೋಗ್ಲಿ," ಎಂದರು ಬೃಂದಾ. "ಎರಡು ಬಗೆ ಪುಡಿ ಇದೆ. ಯಾರಿಗೆ ಯಾವುದು ಅಂತ ಅವರಿಗೆ ಗೊತ್ತಿದ್ರೆ ಇದು ಬರೀ ಅಜಾಗರೂಕತೆ ಕೇಸಲ್ಲ. ನಮ್ಮವರು ಮುಗಿಸಿದ ಕೂಡಲೇ ನಾವು ಒಳಗೆ. ಒಂದು ಪೊಟ್ಟಣಾನೂ ಹೊರಗೆ ಹೋಗಬಾರ್ದು."

ಗುರುವಾರ ಬೆಳಗ್ಗೆ ಏಳಕ್ಕೇ ಮುನಿಆಂಜನಪ್ಪನ ಮನೆಯ ಜಗಲಿ ತುಂಬಿತ್ತು. ಕೋಲು ಹಿಡಿದವರು, ಮೊಮ್ಮಕ್ಕಳ ಭುಜ ಹಿಡಿದವರು, ಕಟ್ಟಡ ಕೆಲಸದಿಂದ ಬೆನ್ನು ಹೋದ ಯಾದಗಿರಿ ಕಡೆಯ ಹೆಂಗಸರು. ಮಾನಪ್ಪ ಪಂಚೆ ಉಟ್ಟು ಅವರ ನಡುವೆ ಕೂತ. ರೇವತಿ ಸೀರೆಯುಟ್ಟು ಸ್ವಲ್ಪ ಹಿಂದೆ. ಬೃಂದಾ, ಮುತ್ತಣ್ಣ, ಇಬ್ಬರು ಪಂಚರು ಮತ್ತು ಸ್ಥಳೀಯ ಠಾಣೆಯ ಸಿಬ್ಬಂದಿ ಬೀದಿಯ ತಿರುವಿನಲ್ಲಿ ವ್ಯಾನಿನೊಳಗೆ ಕಾಯುತ್ತಿದ್ದರು.

ಮುನಿಆಂಜನಪ್ಪ ಅರವತ್ತರ ಆಸುಪಾಸಿನವನು. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಮೆದು ಮಾತು. ಮಾನಪ್ಪನ ಮಂಡಿಯನ್ನು ಎರಡೂ ಕೈಯಿಂದ ಹಿಡಿದು ಒತ್ತಿ ನೋಡಿದ.

"ಇಲ್ಲಿ ನೋಯ್ತದಾ ಅಣ್ಣ?"

"ಹೌದ್ರಿ, ಭಾಳ."

"ಹಾರ್ಟ್ ಆಪರೇಷನ್ ಏನಾದ್ರೂ ಆಗಿದೆಯಾ? ರಕ್ತದ ಮಾತ್ರೆ ತಗೋತೀರಾ?"

"ಏನಿಲ್ರಿ. ಗಟ್ಟಿ ಅದೀನಿ."

ಮುನಿಆಂಜನಪ್ಪ ಕೈಗೆಟುಕುವಂತಿದ್ದ ಬಿಳಿ ಪ್ಲಾಸ್ಟಿಕ್ ಡಬ್ಬಿಯಿಂದ ಪುಡಿ ಅಳೆದು ಪೊಟ್ಟಣ ಕಟ್ಟಿದ. ಎರಡು ವಾರದಲ್ಲಿ ಓಡ್ತೀರ ಎಂದ. ಸುತ್ತಲಿದ್ದವರು ತಲೆಯಾಡಿಸಿದರು.

ರೇವತಿಯ ಸರದಿ ಬಂತು. "ನಮ್ಮಮ್ಮಂಗೆ ಬೇಕಿತ್ತು ಸ್ವಾಮಿ. ಹಾಸಿಗೆ ಬಿಟ್ಟು ಏಳಕ್ಕಾಗಲ್ಲ, ಮಂಡಿ. ವಾಲ್ವ್ ಹಾಕ್ಸಿದೀವಿ. ರಕ್ತ ತೆಳ್ಳಗಾಗೋ ಮಾತ್ರೆ ನಡೀತಿದೆ."

ಅವನ ಕೈ ಪ್ಲಾಸ್ಟಿಕ್ ಡಬ್ಬಿಯ ಮೇಲಿತ್ತು. ಕೈ ಹಿಂದಕ್ಕೆ ತೆಗೆದ. ಪಕ್ಕಕ್ಕೆ ಬಾಗಿ ಹಲಗೆಯ ಕೆಳಗಿದ್ದ ಹಿತ್ತಾಳೆ ಡಬ್ಬಿಯನ್ನು ಎಳೆದುಕೊಂಡ.

"ನಿಧಾನಕ್ಕೆ ಹಿಡಿಯುತ್ತಮ್ಮ ಇದು. ಆತುರ ಪಡಬೇಡಿ."

ಮಾನಪ್ಪ ಜಗಲಿಯ ತುದಿಗೆ ಬಂದು ಹೆಗಲ ಮೇಲಿನ ಟವೆಲ್ ಕೊಡವಿದ. ವ್ಯಾನಿನ ಬಾಗಿಲು ತೆರೆಯಿತು.

ಪಂಚನಾಮೆ ಮಧ್ಯಾಹ್ನದವರೆಗೆ ನಡೆಯಿತು. ಎರಡೂ ಡಬ್ಬಿ, ಮಾನಪ್ಪನಿಗೂ ರೇವತಿಗೂ ಕೊಟ್ಟ ಪೊಟ್ಟಣಗಳನ್ನು ಬೇರೆ ಬೇರೆಯಾಗಿ ಮೊಹರು ಮಾಡಿದರು. ಒಳಕೋಣೆಯಲ್ಲಿ ಬೇರಿನ ಚೀಲಗಳಿದ್ದವು, ಒಂದು ಮಿಕ್ಸಿ ಇತ್ತು. ಜಾರಿನ ತಿರುಪಿನ ಸಂದಿಯಲ್ಲಿ ಬಿಳಿ ಪುಡಿ ಕೂತಿತ್ತು. ಮಾತ್ರೆಗಳು ಮಾತ್ರ ಎಲ್ಲೂ ಕಾಣಲಿಲ್ಲ. ಮುತ್ತಣ್ಣ ಹಿತ್ತಲಿಗೆ ಹೋಗಿ ಬಚ್ಚಲಿನ ಹಂಡೆ ಒಲೆಯ ಬೂದಿಯನ್ನು ಮೊರಕ್ಕೆ ಹಾಕಿ ಕೇರಿದರು. ಬೂದಿಯಲ್ಲಿ ಮಾತ್ರೆ ಪಟ್ಟಿಗಳ ಬೆಳ್ಳಿ ಕಾಗದ ಸುರುಟಿಕೊಂಡು, ಅಲ್ಲಲ್ಲಿ ಕರಗಿ ಗೋಲಿಗಳಂತಾಗಿತ್ತು. ಕೆಲವು ಚೂರುಗಳ ಮೇಲೆ ಔಷಧಿಯ ಹೆಸರಿನ ಅರ್ಧ ಅಕ್ಷರಗಳು ಇನ್ನೂ ಓದಲು ಬರುತ್ತಿದ್ದವು.

ಮುನಿಆಂಜನಪ್ಪನ ಹೆಂಡತಿ ಸುಭದ್ರಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳು ಕುಂಟುತ್ತಿದ್ದುದನ್ನು ಬೃಂದಾ ನೋಡಿದರು.

"ಬಚ್ಚಲು ಒಲೆಗೆ ಯಾರು ಉರಿ ಹಾಕೋದು?"

"ಅವರೇ. ನನ್ನ ಮುಟ್ಟೋಕೆ ಬಿಡಲ್ಲ."

"ನಿಮಗೂ ಮಂಡಿನೋವಾ?"

"ಹತ್ತು ವರ್ಷದಿಂದ ಮೇಡಂ."

"ಅವರ ಪುಡಿ ತಗೊಳ್ಳಲ್ವಾ?"

"ತಗೋತೀನಿ. ಹಿತ್ತಾಳೆ ಡಬ್ಬೀದು ಕೊಡ್ತಾರೆ." ಸುಭದ್ರಮ್ಮ ಗಂಡನ ಕಡೆ ನೋಡಿದಳು. "ಊರಿಗೆಲ್ಲ ಹಿಡಿಯೋ ಪುಡಿ ನನಗೊಬ್ಬಳಿಗೆ ಹಿಡಿಯಲಿಲ್ಲ."

ಮುನಿಆಂಜನಪ್ಪ ತಲೆ ತಗ್ಗಿಸಿದ್ದ.

ಅವನನ್ನು ವ್ಯಾನಿಗೆ ಕರೆತರುವಾಗ ಬೀದಿಯ ಜನ ದಾರಿ ಬಿಡಲಿಲ್ಲ. ಒಬ್ಬ ಮುದುಕಿ ಕೋಲನ್ನು ಅಡ್ಡ ಹಿಡಿದು ಬೃಂದಾ ಎದುರು ನಿಂತಳು. "ಇವರನ್ನ ಕರ್ಕೊಂಡ್ ಹೋಗ್ತೀಯಲ್ಲ, ನಾಳೆ ನನ್ನ ಮಂಡಿ ನೋಡೋಕೆ ನೀನು ಬರ್ತೀಯೇನಮ್ಮ?"

"ಅಜ್ಜಿ, ನಿಮ್ಮನೇಲಿ ಈ ಪುಡಿ ಇದೆಯಾ?"

"ಇದೆ. ಕೊಡಲ್ಲ."

"ಬಿಪಿ ಮಾತ್ರೆ ತಗೋತೀರಾ?"

ಮುದುಕಿ ನೆರಿಗೆ ಕೆಳಕ್ಕೆ ಎಳೆದುಕೊಂಡಳು. ಸೀರೆಯ ಕೆಳಗೆ ಅವಳ ಪಾದಗಳು ಊದಿದ್ದವು. ಇಂಥ ಪೊಟ್ಟಣಗಳು ಎಷ್ಟು ಅಡುಗೆಮನೆಗಳಲ್ಲಿ, ಯಾವ್ಯಾವ ಮಾತ್ರೆಗಳ ಪಕ್ಕದಲ್ಲಿ ಕೂತಿವೆಯೋ ಹೇಳಬಲ್ಲವರು ಯಾರೂ ಇರಲಿಲ್ಲ.

ಆ ಸಂಜೆಯಿಂದ ಕಸದ ಆಟೋಗಳು ಹಾಡು ನಿಲ್ಲಿಸಿ ಎಚ್ಚರಿಕೆ ಕೂಗುತ್ತ ದೇವಸಂದ್ರ, ಜೋಗುಪಾಳ್ಯ, ದೊಮ್ಮಲೂರಿನ ಬೀದಿಗಳಲ್ಲಿ ತಿರುಗಿದವು. ಶುಕ್ರವಾರ ಶಿವಾಜಿನಗರದ ಮಸೀದಿಗಳಲ್ಲಿ ನಮಾಜಿನ ನಂತರ ಮೈಕಿನಲ್ಲಿ ಅದನ್ನೇ ಹೇಳಿದರು. ಪುಡಿ ನಿಲ್ಲಿಸಿ, ಪೊಟ್ಟಣದ ಸಮೇತ ಹತ್ತಿರದ ಆಸ್ಪತ್ರೆಗೆ ಬನ್ನಿ. ಜನ ಬಂದರು. ಮೂವರನ್ನು ಆ ದಿನವೇ ಒಳರೋಗಿಗಳಾಗಿ ಸೇರಿಸಿಕೊಳ್ಳಬೇಕಾಯಿತು. ಕೋಲು ಹಿಡಿದು ದಾರಿಗಡ್ಡ ನಿಂತಿದ್ದ ಮುದುಕಿಯನ್ನು ಅವಳ ಮೊಮ್ಮಗಳು ಬಲವಂತವಾಗಿ ಕರೆತಂದಿದ್ದಳು.

ಕೂಗು ಕೇಳಿ ಠಾಣೆಗೆ ತಾನಾಗಿ ಬಂದವನು ದೊಮ್ಮಲೂರಿನ ಲಕ್ಷ್ಮಿಕಾಂತ, ಖಾಸಗಿ ಕಚೇರಿಯೊಂದರ ಡ್ರೈವರ್.

"ನಮ್ಮಪ್ಪಂಗೂ ಸ್ಟೆಂಟ್ ಹಾಕಿತ್ತು ಮೇಡಂ. ದೇವಸಂದ್ರದವರ ಪುಡಿ ತಗೊಂಡು ರಕ್ತ ವಾಂತಿ ಆಯ್ತು. ಪುಣ್ಯ, ಬದುಕಿದ್ರು. ಹೋದ ದಸರಾಕ್ಕೆ ಮುಂಚಿನ ಮಾತು."

"ದೂರು ಯಾಕೆ ಕೊಡ್ಲಿಲ್ಲ?"

"ಏನಂತ ಕೊಡ್ಲಿ? ಬೇರು ಅಂದಿದ್ರು. ಆದ್ರೂ ಮನಸ್ಸು ತಡೀಲಿಲ್ಲ, ಅವರ ಮನೆಗೆ ಹೋಗಿ ಹೇಳ್ದೆ. ಹಾರ್ಟ್ ಪೇಷಂಟ್‌ಗಳಿಗೆ ಕೊಡಬೇಡಿ ಸ್ವಾಮಿ ಅಂತ ಕೈ ಮುಗಿದು ಹೇಳ್ದೆ. ಮುಖ ಬಿಳಿಚ್ಕೊಳ್ತು ಅವರಿಗೆ. ಆಗ್ಲಿ ಅಂದ್ರು."

ಅಲ್ಲಿಗೆ ಕೊಂಡಿ ಕೂಡಿತು. ಹಿತ್ತಾಳೆ ಡಬ್ಬಿ ಜಗಲಿಯ ಹಲಗೆಯ ಕೆಳಗೆ ಬಂದದ್ದು ಆಮೇಲೆ. ಲ್ಯಾಬಿನ ಲಿಖಿತ ವರದಿ ಬಂದ ಮೇಲೆ ಪ್ರಕರಣ ಕೊಲೆಯಲ್ಲದ ಮಾನವ ಹತ್ಯೆ ಮತ್ತು ಔಷಧ ಕಲಬೆರಕೆಯ ಕಲಮುಗಳಡಿ ಎಫ್‌ಐಆರ್ ಆಗಿ ಬದಲಾಯಿತು. ಮುನಿಆಂಜನಪ್ಪನ ಬಂಧನವನ್ನು ಸುಭದ್ರಮ್ಮನಿಗೆ ತಿಳಿಸಲಾಯಿತು. ಚೀಟಿಯಿಲ್ಲದೆ ಮಾತ್ರೆ ಒದಗಿಸುತ್ತಿದ್ದ ವ್ಯಾಪಾರಿ ಎರಡನೇ ಆರೋಪಿಯಾದ.

ಎಫ್‌ಐಆರ್ ಪ್ರತಿ ತೆಗೆದುಕೊಳ್ಳಲು ಆದಿಲ್ ಮತ್ತು ಬುಷ್ರಾ ಒಟ್ಟಿಗೆ ಬಂದರು. ಬೆಂಚಿನ ಮೇಲೆ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಹಬೀಬ್ ಚೇತರಿಸಿಕೊಳ್ಳುತ್ತಿದ್ದರು.

"ಭಾಯಿ ತಪ್ಪೇನೂ ಮಾಡ್ಲಿಲ್ಲ ಮೇಡಂ," ಬುಷ್ರಾ ಹೇಳಿದಳು. "ಅವನು ಅನುಮಾನ ಪಟ್ಟಿದ್ದಕ್ಕೆ ಅಬ್ಬಾ ಉಳಿದ್ರು. ಆದ್ರೆ ನಂಗೀಗ ಒಂದು ಲೋಟ ನೀರು ಕೊಡೋಕೂ ಕೈ ಬರಲ್ಲ."

ಆದಿಲ್ ಎದ್ದ. ಠಾಣೆಯ ಮೂಲೆಯಲ್ಲಿದ್ದ ಕ್ಯಾನಿನಿಂದ ಲೋಟಕ್ಕೆ ನೀರು ಹಿಡಿದು ತಂದು ತಂಗಿಯ ಕೈಗೆ ಕೊಟ್ಟು, ನನಗೆ ಕೊಡು ಎಂಬಂತೆ ಎದುರಿಗೇ ನಿಂತ. ಬುಷ್ರಾ ಬಹಳ ಹೊತ್ತು ಲೋಟ ನೋಡಿದಳು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಅವನ ಕಡೆ ಚಾಚಿದಳು. ಅವನು ಪೂರ್ತಿ ಕುಡಿದ.

ಪೊಲೀಸ್ ಕಸ್ಟಡಿ ಮುಗಿದು ಮತ್ತೆ ನ್ಯಾಯಾಲಯಕ್ಕೆ ಒಪ್ಪಿಸುವ ಮುಂಚೆ ಬೃಂದಾ ಮುನಿಆಂಜನಪ್ಪನ ವಿಚಾರಣೆ ಮುಗಿಸಿದರು. ಮಾನಪ್ಪ ಬರೆದುಕೊಳ್ಳುತ್ತಿದ್ದ.

"ಮಾತ್ರೆ ಯಾವಾಗ ಸೇರಿಸೋಕೆ ಶುರು ಮಾಡಿದ್ರಿ?"

"ಅಪ್ಪ ಹೋದ ಮೇಲೆ. ಅಪ್ಪಂದು ಕೈಗುಣ ಅಂತಿದ್ರು ಜನ. ಅವರು ಮುಟ್ಟಿದ್ರೆ ನೋವು ಹೋಗ್ತಿತ್ತು. ಅದೇ ಬೇರು, ಅದೇ ಅಳತೆ, ನಾನು ಕೊಟ್ರೆ ಹಿಡೀತಿರಲಿಲ್ಲ. ಜಗಲಿ ಖಾಲಿ ಆಗೋಯ್ತು. ಒಬ್ಬ ಪಾಪದವನು ಬಂದು ಅಳ್ತಾ ಕೂತಿದ್ದ. ಅವನಿಗೊಂದು ಮಾತ್ರೆ ಅರೆದು ಸೇರಿಸ್ದೆ. ಮುಂದಿನ ವಾರ ಬಂದು ನನ್ನ ಕಾಲಿಗೆ ಬಿದ್ದ. ಅಪ್ಪನ ಕೈಗುಣ ನಿಮಗೆ ಬಂತು ಅಂದ. ಆಮೇಲೆ ಬಿಡೋಕಾಗ್ಲಿಲ್ಲ."

"ಲಕ್ಷ್ಮಿಕಾಂತ ಬಂದು ಹೇಳಿದ ಮೇಲೂ?"

"ಅದಕ್ಕೇ ಒಳಗಿದ್ದ ಎರಡನೇ ಡಬ್ಬೀನ ಜಗಲಿಗೆ ತಂದಿಟ್ಟೆ. ಹಾರ್ಟ್‌ನವರಿಗೆ ಬರೀ ಬೇರು."

"ಉಮ್ಮೆ ಕುಲ್ಸುಂಗೆ ಯಾಕೆ ಪ್ಲಾಸ್ಟಿಕ್ ಡಬ್ಬಿಯಿಂದ ಕೊಟ್ರಿ?"

ಅವನು ಅಂಗೈಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದ.

"ಎರಡನೇ ಸಲ ಬಂದಾಗ ಆಯಮ್ಮ ಎಲ್ಲರ ಮುಂದೆ ಅತ್ರು. ಊರೋರಿಗೆಲ್ಲ ವಾಸಿ ಮಾಡ್ತೀರ, ನನಗ್ಯಾಕೆ ಆಗಲ್ಲ, ನಾನೇನು ತಪ್ಪು ಮಾಡ್ದೆ ಅಂದ್ರು. ಜಗಲಿ ತುಂಬ ಜನ. ಎಲ್ಲರೂ ನನ್ನ ಮುಖಾನೇ ನೋಡ್ತಿದ್ರು. ನಿಮಗೆ ಅದು ಕೊಡೋಕಾಗಲ್ಲ ಅಂದ್ರೆ ಯಾಕೆ ಅಂತ ಹೇಳ್ಬೇಕಿತ್ತು ಮೇಡಂ. ಏನಂತ ಹೇಳ್ಲಿ?"

"ಏನಾಗುತ್ತೆ ಅಂತ ಗೊತ್ತಿತ್ತು."

"ಭಯ ಇತ್ತು. ಒಂದು ವಾರ ಅನ್ನ ಸೇರ್ಲಿಲ್ಲ. ಬಾಗಿಲು ಸದ್ದಾದ್ರೆ ಯಾರೋ ಸುದ್ದಿ ತಂದ್ರು ಅನ್ನಿಸೋದು. ಆಮೇಲೆ ಗುರುವಾರ ಆಯಮ್ಮಾನೇ ನಡ್ಕೊಂಡು ಬಂದ್ರು. ಯಾರನ್ನೂ ಹಿಡ್ಕೊಂಡಿರಲಿಲ್ಲ. ನನ್ನ ತಲೆ ಮೇಲೆ ಕೈಯಿಟ್ಟು ದುವಾ ಮಾಡಿದ್ರು. ಆಗ ಭಯ ಹೋಯ್ತು."

ಮಾನಪ್ಪನ ಪೆನ್ನು ನಿಂತಿತು. ಬೃಂದಾ ಮುಂದುವರಿಸು ಎಂದು ಸನ್ನೆ ಮಾಡಿದರು. ಹೇಳಿಕೆಯನ್ನು ಓದಿ ಹೇಳಿದ ಮೇಲೆ ಮುನಿಆಂಜನಪ್ಪ ಎದ್ದು ನಿಂತ. ರೇವತಿ ಬಾಗಿಲು ತೆರೆದಳು. ಹೊಸ್ತಿಲಲ್ಲಿ ಅವನು ತಿರುಗಿದ.

"ಮೇಡಂ, ಒಂದು ಕೇಳ್ಲಾ?"

"ಏನು?"

"ಆಯಮ್ಮ ಕೊನೇವರೆಗೂ ಚೆನ್ನಾಗಿ ನಡೀತಿದ್ರಾ?"

ಬೃಂದಾ ಅವನನ್ನು ದಿಟ್ಟಿಸಿದರು. ಬುಷ್ರಾಳ ಹೇಳಿಕೆಯಲ್ಲಿ ಅದಿತ್ತು. ಸಾಯುವ ಹಿಂದಿನ ದಿನ ಉಮ್ಮೆ ಕುಲ್ಸುಂ ತಾವೊಬ್ಬರೇ ಮಾರ್ಕೆಟ್ಟಿಗೆ ಹೋಗಿ ಬಂದಿದ್ದರು.

"ನಡೀತಿದ್ರು," ಎಂದರು.

ಮುನಿಆಂಜನಪ್ಪನ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು. ತಲೆಯಾಡಿಸಿ, ವ್ಯಾನಿನ ಕಡೆ ನಡೆದ.